ಬೆಂಗಳೂರು ಜಿಲ್ಲೆಯ ಕ್ಷಯರೋಗ ಸಮೀಕ್ಷೆಯೂ ವೈದ್ಯಧರ್ಮದ ಪ್ರಶ್ನೆಯೂ

ವೈದ್ಯನು ರೋಗಿಯ ಬಳಿಗೆ ಎರಡು ಉದ್ದೇಶಗಳಿಂದ ಬರಬಹುದು: ಅವನ ನೋವನ್ನು ನಿವಾರಿಸುವುದಕ್ಕಾಗಿ ಬರಬಹುದು, ಅವನ ರೋಗವನ್ನು ಅರಿಯುವುದಕ್ಕಾಗಿಯೂ ಬರಬಹುದು. ಹಳೆಯ ಕಾಲದಲ್ಲಿ ಇವೆರಡೂ ಬಹುಮಟ್ಟಿಗೆ ಒಂದೇ ಆಗಿದ್ದುವು. ನಾಡಿಯನ್ನು ಹಿಡಿದು ರೋಗವನ್ನು ತಿಳಿದವನು ಅದೇ ಗಳಿಗೆಯಲ್ಲಿ ಔಷಧವನ್ನೂ ಹೇಳುತ್ತಿದ್ದನು; ಹೇಳಲು ಔಷಧವಿಲ್ಲದಿದ್ದರೆ ಪಥ್ಯವನ್ನಾದರೂ ಸಮಾಧಾನವನ್ನಾದರೂ ಹೇಳಿ ಎದ್ದುಹೋಗುತ್ತಿದ್ದನು. ಆಧುನಿಕ ವೈದ್ಯವಿಜ್ಞಾನವು ಈ ಎರಡು ಕಾರ್ಯಗಳನ್ನು ಬೇರ್ಪಡಿಸಿತು. ಅರಿಯುವವರ ವರ್ಗವೊಂದು, ಗುಣಪಡಿಸುವವರ ವರ್ಗವೊಂದು ಹುಟ್ಟಿಕೊಂಡವು. ಒಬ್ಬ ರೋಗಿಯ ನೋವಿಗಿಂತ ಒಂದು ಜನಸಮುದಾಯದ ಸಂಖ್ಯೆ ಮುಖ್ಯವೆನಿಸುವ ಪ್ರಸಂಗಗಳು ಬಂದವು. ವೈದ್ಯನೀತಿಯ ಇಂದಿನ ಅನೇಕ ಸಂದಿಗ್ಧಗಳ ಮೂಲವನ್ನು ಈ ಬೇರ್ಪಡೆಯಲ್ಲಿಯೇ ಕಾಣಬಹುದಾಗಿದೆ.

ಈ ಮಾತನ್ನು ವಿಚಾರಿಸಲು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. 1961ರಿಂದ 1968ರವರೆಗೆ ನಮ್ಮ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಸಮೀಕ್ಷೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಸ್ಥಾನ ಪಡೆದಿದೆ. ಅದು ತಂದ ಜ್ಞಾನ ದೊಡ್ಡದು. ಅದು ಎತ್ತುವ ಪ್ರಶ್ನೆಯೂ ಅಷ್ಟೇ ದೊಡ್ಡದು. ಆ ಹಳ್ಳಿಗಳ ಜನರ ಮಕ್ಕಳು ಮೊಮ್ಮಕ್ಕಳು ಇಂದಿಗೂ ನಮ್ಮ ನಡುವೆ ಇದ್ದಾರೆ. ಆದರೆ ತಮ್ಮ ಹಿರಿಯರು ಜಗತ್ತಿಗೆ ಏನನ್ನು ಕೊಟ್ಟರೆಂಬುದನ್ನು ಬಲ್ಲವರು ವಿರಳ. ಆದುದರಿಂದ ಆ ಇತಿಹಾಸವನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರ ಧರ್ಮಾಧರ್ಮಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಬೆಂಗಳೂರಿನ ಸುತ್ತಣ ಗ್ರಾಮಗಳಿಗೆ ಆಧುನಿಕ ವೈದ್ಯದ ಮೊದಲ ದೊಡ್ಡ ಪರಿಚಯವಾದುದು ಭಯದ ಮೂಲಕ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಮನೆಗಳ ಶೋಧನೆ, ರೋಗಿಗಳ ಪ್ರತ್ಯೇಕೀಕರಣ, ಪ್ರಯಾಣಿಕರ ತಪಾಸಣೆ, ಊರ ಹೊರಗಿನ ಗುಡಿಸಲುಗಳ ವಾಸ, ಇವೆಲ್ಲ ಜನರ ನೆನಪಿನಲ್ಲಿ ಬಹುಕಾಲ ಉಳಿದವು. ಊರೂರುಗಳಲ್ಲಿ ಪ್ಲೇಗಿನಮ್ಮನ ಗುಡಿಗಳು ಎದ್ದದ್ದು ಆ ಭೀತಿಯ ಸಾಕ್ಷಿ. ಅಂದಿನ ನೈತಿಕ ಪ್ರಶ್ನೆ ಬಲಾತ್ಕಾರದ್ದು: ಸಮುದಾಯದ ಹಿತಕ್ಕಾಗಿ ಒಬ್ಬನನ್ನು ಅವನ ಮನೆಯಿಂದ ಎಳೆದೊಯ್ಯಬಹುದೆ ಎಂಬುದು.

ಕ್ಷಯದ ಪ್ರಶ್ನೆ ಇದಕ್ಕೆ ತೀರ ವಿರುದ್ಧವಾದುದು. ಪ್ಲೇಗು ಕೆಲವೇ ದಿನಗಳಲ್ಲಿ ಕೊಲ್ಲುತ್ತಿತ್ತು. ಕ್ಷಯ ವರ್ಷಗಟ್ಟಲೆ ಸವೆಸಿ ಕೊಲ್ಲುತ್ತದೆ. ಪ್ಲೇಗನ್ನು ಕಂಡು ಸರ್ಕಾರ ಓಡಿಬಂದಿತು. ಹಳ್ಳಿಯ ಕ್ಷಯವನ್ನು ಬಹುಕಾಲ ಯಾರೂ ಕಾಣಲೇ ಇಲ್ಲ. ಕ್ಷಯವು ಗಿರಣಿಗಳ ರೋಗ, ಇಕ್ಕಟ್ಟಾದ ಪಟ್ಟಣಗಳ ರೋಗ ಎಂಬ ನಂಬಿಕೆ ವಿದ್ಯಾವಂತರಲ್ಲಿ ಬೇರೂರಿತ್ತು. 1920ರ ದಶಕದಿಂದ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಸೇವೆ ಸಲ್ಲಿಸುತ್ತಿತ್ತಾದರೂ, ಅಂತಹ ಆರೋಗ್ಯಧಾಮಗಳ ಹಾಸಿಗೆಗಳು ಎಷ್ಟು ಜನರಿಗೆ ದೊರೆತಾವು? ಹೊಲ ಬಿಟ್ಟು ತಿಂಗಳುಗಟ್ಟಲೆ ಮಲಗಿರಲು ಎಷ್ಟು ಜನ ರೈತರಿಗೆ ಸಾಧ್ಯವಾದೀತು?

ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು 1955ರಿಂದ 1958ರವರೆಗೆ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಹಳೆಯ ನಂಬಿಕೆಯನ್ನು ಮುರಿಯಿತು. ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿರುವಷ್ಟೇ ಕ್ಷಯವಿದೆಯೆಂದೂ, ದೇಶದ ಬಹುಸಂಖ್ಯೆಯ ಜನ ಹಳ್ಳಿಗಳಲ್ಲಿ ಇರುವುದರಿಂದ ಬಹುಸಂಖ್ಯೆಯ ಕ್ಷಯರೋಗಿಗಳೂ ಅಲ್ಲಿಯೇ ಇದ್ದಾರೆಂದೂ ಅದರಿಂದ ಸಿದ್ಧವಾಯಿತು. ಇದೇ ವೇಳೆಗೆ ಔಷಧದ ಜಗತ್ತೂ ಬದಲಾಗಿತ್ತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತಿತ್ತು. 1952ರಲ್ಲಿ ಐಸೋನಿಯಾಜಿಡ್ ಎಂಬ ಅಗ್ಗದ ಮಾತ್ರೆ ಬಳಕೆಗೆ ಬಂದಿತ್ತು. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಔಷಧಚಿಕಿತ್ಸಾ ಕೇಂದ್ರವು, ಬಡವರ ಮನೆಯಲ್ಲಿಯೇ ಕೊಟ್ಟ ಔಷಧವು ಸ್ಯಾನಟೋರಿಯಂನಲ್ಲಿ ಕೊಟ್ಟ ಔಷಧದಷ್ಟೇ ಫಲಕಾರಿಯೆಂಬುದನ್ನು 1959ರಲ್ಲಿ ಜಗತ್ತಿಗೆ ತೋರಿಸಿಕೊಟ್ಟಿತು. ಹಾಸಿಗೆಯ ಕೊರತೆ ಇನ್ನು ಮುಂದೆ ನೆಪವಾಗುವಂತಿರಲಿಲ್ಲ.

ರಾಷ್ಟ್ರೀಯ ಕ್ಷಯರೋಗ ಸಂಸ್ಥೆ

ಈ ಸಂಧಿಕಾಲದಲ್ಲಿ, 1959ರಲ್ಲಿ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಬಳ್ಳಾರಿ ರಸ್ತೆಯ ‘ಅವಲಾನ್’ ಎಂಬ ಭವನದಲ್ಲಿ ಅದು ನೆಲೆಗೊಂಡಿತು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಮತ್ತು ಯುನಿಸೆಫ್‌ನ ನೆರವು ಅದಕ್ಕೆ ದೊರೆತಿತ್ತು. ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದ ಹಾಫ್ಡನ್ ಮಾಹ್ಲರ್ ಅವರು ಆ ವರ್ಷಗಳಲ್ಲಿ ಭಾರತದ ಕ್ಷಯನಿಯಂತ್ರಣ ಕಾರ್ಯದಲ್ಲಿ ದುಡಿದವರು.

ಸಂಸ್ಥೆಯ ಮುಂದಿದ್ದ ಕೆಲಸ ಸುಲಭವಾದುದಲ್ಲ. ಇಡೀ ದೇಶಕ್ಕೆ, ಅದರ ಬಡತನದ ಮಿತಿಯೊಳಗೆ ನಡೆಯಬಲ್ಲ, ಒಂದು ಕ್ಷಯನಿವಾರಣಾ ಯೋಜನೆಯನ್ನು ರೂಪಿಸಬೇಕಾಗಿತ್ತು. ಅದಕ್ಕೆ ಎರಡು ಬಗೆಯ ಜ್ಞಾನ ಬೇಕಾಗಿತ್ತು. ರೋಗಿಗಳು ಏನು ಮಾಡುತ್ತಾರೆ ಎಂಬುದು ಒಂದು. ರೋಗ ಏನು ಮಾಡುತ್ತದೆ ಎಂಬುದು ಇನ್ನೊಂದು.

ಮೊದಲನೆಯ ಪ್ರಶ್ನೆಗೆ ಉತ್ತರ ನೆರೆಯ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ದೊರೆಯಿತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ಅಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಸಮಾಜಶಾಸ್ತ್ರೀಯ ಅಧ್ಯಯನವು ಒಂದು ಪ್ರಚಲಿತ ಅಪವಾದವನ್ನು ಅಳಿಸಿಹಾಕಿತು. ಹಳ್ಳಿಗರು ಅಜ್ಞಾನಿಗಳು, ರೋಗ ಬಂದರೂ ಆಸ್ಪತ್ರೆಯ ಕಡೆ ತಲೆಹಾಕುವುದಿಲ್ಲ ಎಂಬುದು ಆ ಅಪವಾದ. ವಾಸ್ತವವಾಗಿ ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಸರ್ಕಾರಿ ಆಸ್ಪತ್ರೆಗಳಿಗೆ ನಡೆದು ಹೋಗಿಯೂ ಇದ್ದರು. ಅಲ್ಲಿ ಅವರಿಗೆ ದೊರೆತದ್ದು ಒಂದು ಸೀಸೆ ಕೆಮ್ಮಿನ ಔಷಧ. ರೋಗಿ ತನ್ನ ಧರ್ಮವನ್ನು ಪಾಲಿಸಿದ್ದನು, ತಪ್ಪಿದ್ದು ವೈದ್ಯವ್ಯವಸ್ಥೆ. ಈ ಅಧ್ಯಯನದ ಫಲವಾಗಿ, ಕೆಮ್ಮುತ್ತಾ ಆಸ್ಪತ್ರೆಗೆ ಬಂದವನ ಕಫವನ್ನು ಅಲ್ಲಿಯೇ ಪರೀಕ್ಷಿಸಿ ಅಲ್ಲಿಯೇ ಔಷಧ ಕೊಡುವ ತತ್ತ್ವವು 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ತಳಹದಿಯಾಯಿತು.

ಬೆಂಗಳೂರು ಜಿಲ್ಲೆಯ ಸಮೀಕ್ಷೆ

ಎರಡನೆಯ ಪ್ರಶ್ನೆಗೆ ಉತ್ತರವನ್ನು ಬೆಂಗಳೂರು ಜಿಲ್ಲೆಯಲ್ಲಿ ಹುಡುಕಲಾಯಿತು. ಆಗಿನ ಬೆಂಗಳೂರು ಜಿಲ್ಲೆಯೆಂದರೆ ಇಂದಿನ ನಗರವೊಂದೇ ಅಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಮಾಗಡಿ ಮೊದಲಾದ ತಾಲ್ಲೂಕುಗಳೆಲ್ಲ ಅದರಲ್ಲಿಯೇ ಸೇರಿದ್ದುವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಪ್ರತ್ಯೇಕವಾಯಿತು. 2007ರಲ್ಲಿ ರಾಮನಗರವು ಅದರಿಂದ ಬೇರ್ಪಟ್ಟು, ಮೊದಲ ನಾಲ್ಕು ತಾಲ್ಲೂಕುಗಳು ಉಳಿದವು. ರಾಗಿಯ ಹೊಲ, ಕೆರೆಯ ಅಚ್ಚುಕಟ್ಟು, ರೇಷ್ಮೆ, ಮಗ್ಗ, ಇವುಗಳನ್ನು ನಂಬಿ ಬದುಕುತ್ತಿದ್ದ ಸೀಮೆ ಅದು.

ಈ ಜಿಲ್ಲೆಯ ಮೂರು ತಾಲ್ಲೂಕುಗಳಿಂದ 119 ಹಳ್ಳಿಗಳನ್ನು ಸಂಖ್ಯಾಶಾಸ್ತ್ರದ ಕ್ರಮದಿಂದ ಆರಿಸಲಾಯಿತು. ಮನೆಮನೆಗೂ ಹೋಗಿ ಜನರನ್ನು ಪಟ್ಟಿ ಮಾಡಿ, ಟ್ಯೂಬರ್ಕ್ಯುಲಿನ್ ಪರೀಕ್ಷೆ ಮಾಡಿ, ಐದು ವರ್ಷ ದಾಟಿದವರಿಗೆ ಎದೆಯ ಕ್ಷ-ಕಿರಣ ಚಿತ್ರ ತೆಗೆದು, ಚಿತ್ರದಲ್ಲಿ ಸಂಶಯ ಕಂಡವರ ಕಫವನ್ನು ಸಂಗ್ರಹಿಸಿ ಪರೀಕ್ಷಿಸಲಾಯಿತು. ಇಷ್ಟನ್ನು ಒಂದು ಸಲ ಮಾಡಿ ಬಿಟ್ಟಿದ್ದರೆ ಅದು ಹತ್ತರೊಡನೆ ಹನ್ನೊಂದನೆಯ ಸಮೀಕ್ಷೆಯಾಗುತ್ತಿತ್ತು. ಅದೇ ಹಳ್ಳಿಗಳಿಗೆ, ಅದೇ ಜನರ ಬಳಿಗೆ, ಐದು ವರ್ಷಗಳ ಅವಧಿಯಲ್ಲಿ ಒಟ್ಟು ನಾಲ್ಕು ಬಾರಿ ಹೋದದ್ದು ಇದರ ವೈಶಿಷ್ಟ್ಯ. ಹೀಗೆ ಹಿಂದಿನ ಸಲ ಆರೋಗ್ಯವಾಗಿದ್ದವರಲ್ಲಿ ಯಾರು ರೋಗಿಗಳಾದರು, ರೋಗಿಗಳಾಗಿದ್ದವರು ಏನಾದರು ಎಂಬುದು ತಿಳಿಯುವಂತಾಯಿತು. ಇಷ್ಟು ಶ್ರಮದ, ಇಷ್ಟು ಶಿಸ್ತಿನ ಕಾರ್ಯ ಅಂದಿನ ಏಷ್ಯದಲ್ಲಿ ಅಪರೂಪವೇ ಸರಿ. ವರದಿಯು 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದರ ಒಂದು ಕೋಷ್ಟಕವೇ ನಮ್ಮ ವಿಚಾರಕ್ಕೆ ಮುಖ್ಯವಾದುದು. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡುಬಂದು ಐದು ವರ್ಷ ಅನುಸರಿಸಲ್ಪಟ್ಟವರು 126 ಮಂದಿ. ಐದು ವರ್ಷಗಳ ಕೊನೆಯಲ್ಲಿ ಇವರಲ್ಲಿ ಶೇಕಡ 49.2ರಷ್ಟು ಜನ ತೀರಿಕೊಂಡಿದ್ದರು, ಶೇಕಡ 32.5ರಷ್ಟು ಜನ ತಾವಾಗಿಯೇ ಗುಣ ಹೊಂದಿದ್ದರು, ಶೇಕಡ 18.3ರಷ್ಟು ಜನ ಇನ್ನೂ ರೋಗಾಣುವನ್ನು ಹೊರಹಾಕುತ್ತಲೇ ಬದುಕಿದ್ದರು. ಶೇಕಡಾವಾರಿನ ಭಾಷೆಯನ್ನು ಬಿಟ್ಟು ಮನುಷ್ಯರ ಲೆಕ್ಕದಲ್ಲಿ ಹೇಳುವುದಾದರೆ, 62 ಮಂದಿ ಸತ್ತರು, 41 ಮಂದಿ ಗುಣವಾದರು, 23 ಮಂದಿ ರೋಗಿಗಳಾಗಿಯೇ ಉಳಿದರು.

ಆ ಕ್ಷೇತ್ರದಲ್ಲಿ ಆಗ ಸಂಘಟಿತವಾದ ಕ್ಷಯಚಿಕಿತ್ಸಾ ಕಾರ್ಯಕ್ರಮ ಇರಲಿಲ್ಲ. ಆದುದರಿಂದಲೇ ಇದು ರೋಗದ ಸಹಜಗತಿಯ ಚಿತ್ರವೆಂದು ವೈದ್ಯಲೋಕವು ಅಂಗೀಕರಿಸಿತು. ಚಿಕಿತ್ಸೆಯಿಲ್ಲದೆ ಹೋದರೆ ಐದು ವರ್ಷಗಳಲ್ಲಿ ಕ್ಷಯರೋಗಿಗಳ ಅರ್ಧ ಭಾಗ ಸಾಯುತ್ತದೆ ಎಂಬ ಮಾತು ಇಂದು ವೈದ್ಯವಿದ್ಯಾರ್ಥಿಗಳ ಪಠ್ಯಗಳಲ್ಲಿ ಇದೆ. ಆ ಮಾತಿಗೆ ಆಧಾರವಾದ ಅಂಕೆಗಳಲ್ಲಿ ನಮ್ಮ ಸೀಮೆಯ ಈ 126 ಜನರೂ ಸೇರಿದ್ದಾರೆ.

ಪ್ರಶ್ನೆಯ ಸ್ವರೂಪ

ಐಸೋನಿಯಾಜಿಡ್ ಬಂದು ಒಂಬತ್ತು ವರ್ಷಗಳಾಗಿದ್ದ ಕಾಲದಲ್ಲಿ ರೋಗದ ಸಹಜಗತಿಯನ್ನು ಅಳೆಯಬಹುದಾಗಿತ್ತೆ? ರೋಗಿಯೊಬ್ಬನ ಕಫದಲ್ಲಿ ರೋಗಾಣುವನ್ನು ಕಂಡವನಿಗೆ, ಆ ಕಾಣ್ಕೆಯಿಂದಲೇ ಒಂದು ಋಣ ಹುಟ್ಟುವುದಿಲ್ಲವೆ? ಈ ಪ್ರಶ್ನೆಗೆ ಆವೇಶದಿಂದ ಉತ್ತರ ಹೇಳುವುದು ಸುಲಭ. ಆದರೆ ನ್ಯಾಯನಿರ್ಣಯಕ್ಕೆ ಮೊದಲು ಇಂತಹುದೇ ಅನ್ಯ ಪ್ರಸಂಗಗಳನ್ನು ಪಕ್ಕದಲ್ಲಿಟ್ಟು ನೋಡಬೇಕು.

ಔಷಧವಿದ್ದೂ ಕೊಡದ ಪ್ರಸಂಗಗಳು ವೈದ್ಯಚರಿತ್ರೆಯಲ್ಲಿ ಹಲವು. ಅವುಗಳ ಕಾರಣಗಳು ಒಂದೇ ಬಗೆಯವಲ್ಲ. ನಾರ್ವೆಯ ಓಸ್ಲೊದಲ್ಲಿ 1891ರಿಂದ 1910ರವರೆಗೆ ಬೋಕ್ ಎಂಬ ವೈದ್ಯನು ಉಪದಂಶ ರೋಗಿಗಳಿಗೆ ಆಗಿನ ಪಾದರಸ ಚಿಕಿತ್ಸೆಯನ್ನು ಕೊಡಲಿಲ್ಲ. ಪಾದರಸವು ಹಿತಕ್ಕಿಂತ ಅಹಿತವನ್ನೇ ಮಾಡುತ್ತದೆಂಬುದು ಅವನ ಪ್ರಾಮಾಣಿಕ ನಂಬಿಕೆಯಾಗಿತ್ತು. ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ 55 ಕ್ಷಯರೋಗಿಗಳಿಗೆ ಔಷಧವನ್ನೂ ವಿಶ್ರಾಂತಿಯನ್ನೂ, 52 ಮಂದಿಗೆ ವಿಶ್ರಾಂತಿಯನ್ನು ಮಾತ್ರವೂ ಕೊಡಲಾಯಿತು. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ಸತ್ತರು. ಯುದ್ಧಾನಂತರದ ದೇಶದಲ್ಲಿ ಎಲ್ಲರಿಗೂ ಸಾಲುವಷ್ಟು ಔಷಧವೇ ಇರಲಿಲ್ಲ. ಇದ್ದ ಅಲ್ಪವನ್ನು ಚೀಟಿಯೆತ್ತಿದಂತೆ ಹಂಚಿ, ಆ ಹಂಚಿಕೆಯಿಂದಲೇ ಜ್ಞಾನವನ್ನು ಪಡೆಯುವುದು ಅನ್ಯಾಯವಲ್ಲವೆಂಬುದು ಅವರ ಸಮರ್ಥನೆ. ಆದರೆ ತಾವೊಂದು ಪ್ರಯೋಗದಲ್ಲಿ ಸೇರಿದ್ದೇವೆಂಬುದನ್ನು ಎರಡನೆಯ ಗುಂಪಿನವರಿಗೆ ತಿಳಿಸಿರಲಿಲ್ಲ. ಮೂರನೆಯದು ಅಮೆರಿಕದ ಟಸ್ಕೀಗಿ. 1932ರಿಂದ 1972ರವರೆಗೆ, 40 ವರ್ಷ, ಉಪದಂಶವಿದ್ದ 399 ಮಂದಿ ಕಪ್ಪುಜನರನ್ನು ಚಿಕಿತ್ಸೆಯ ಸೋಗಿನಲ್ಲಿ ಕೇವಲ ವೀಕ್ಷಿಸಲಾಯಿತು. 1940ರ ದಶಕದ ಕೊನೆಯ ವೇಳೆಗೆ ಪೆನಿಸಿಲಿನ್ ಸರ್ವತ್ರ ಬಳಕೆಗೆ ಬಂದ ಮೇಲೆಯೂ ಅದು ಅವರಿಗೆ ದೊರೆಯದಂತೆ ನೋಡಿಕೊಳ್ಳಲಾಯಿತು.

ಹೀಗೆ ಒಂದೆಡೆ ನಂಬಿಕೆ, ಇನ್ನೊಂದೆಡೆ ಅಭಾವ, ಮತ್ತೊಂದೆಡೆ ವಂಚನೆ. ಬೆಂಗಳೂರು ಜಿಲ್ಲೆಯ ಪ್ರಸಂಗವು ಈ ಮೂರರಲ್ಲಿ ಯಾವುದಕ್ಕೂ ಪೂರ್ಣವಾಗಿ ಹೊಂದುವುದಿಲ್ಲ. ಐಸೋನಿಯಾಜಿಡಿನ ಗುಣದಲ್ಲಿ ಯಾರಿಗೂ ಸಂಶಯವಿರಲಿಲ್ಲ. ಟಸ್ಕೀಗಿಯ ವಂಚನೆಯನ್ನು ಇಲ್ಲಿ ಆರೋಪಿಸುವುದು ಅನ್ಯಾಯ. ಬ್ರಿಟನ್ನಿನ ಅಭಾವಕ್ಕೆ ಇದು ಹೆಚ್ಚು ಸಮೀಪ, ಆದರೆ ಅಲ್ಲಿ ಇಲ್ಲದಿದ್ದುದು ಔಷಧ. ಇಲ್ಲಿ ಇಲ್ಲದಿದ್ದುದು ವ್ಯವಸ್ಥೆ. ಔಷಧ ಜಗತ್ತಿನಲ್ಲಿತ್ತು, ದೇಶದಲ್ಲಿತ್ತು. ಹಳ್ಳಿಗೆ ಅದನ್ನು ತಂದು, ವರ್ಷವಿಡೀ ತಪ್ಪದೆ ರೋಗಿಯ ಕೈಗೆ ಕೊಡುವ ಏರ್ಪಾಡು ಇರಲಿಲ್ಲ. ಅಂತಹ ಏರ್ಪಾಡನ್ನು ಹೇಗೆ ಕಟ್ಟಬೇಕೆಂದು ತಿಳಿಯುವುದಕ್ಕಾಗಿಯೇ ಸಂಸ್ಥೆ ಹುಟ್ಟಿತ್ತು ಎಂಬುದನ್ನು ಮರೆಯಲಾಗದು.

ಪೂರ್ವಪಕ್ಷ ಮತ್ತು ಉತ್ತರಪಕ್ಷ

ಸಮೀಕ್ಷೆಯ ಪರವಾಗಿ ಹೇಳಬಹುದಾದುದನ್ನು ಮೊದಲು ಹೇಳೋಣ. ಸಮೀಕ್ಷಕರು ಆ ಹಳ್ಳಿಗಳಿಗೆ ಹೋಗದೆ ಇದ್ದಿದ್ದರೂ ಆ 62 ಮಂದಿ ಸಾಯುತ್ತಿದ್ದರು. ಸಮೀಕ್ಷೆಯು ಸಾವನ್ನು ತರಲಿಲ್ಲ, ಎಣಿಸಿತು. ದೇಶದಲ್ಲಿ ಲಕ್ಷಾಂತರ ರೋಗಿಗಳು ಚಿಕಿತ್ಸೆಯಿಲ್ಲದೆ ಇದ್ದಾಗ, ಒಂದು ಕ್ಷೇತ್ರದಲ್ಲಿ ಅಳೆದು ತಿಳಿದ ಸತ್ಯವು ಆ ಲಕ್ಷಾಂತರ ಜನರಿಗೆ ಪ್ರಯೋಜನವಾಗುತ್ತದೆ. ಎಷ್ಟು ರೋಗಿಗಳು ವರ್ಷವರ್ಷ ಹೊಸದಾಗಿ ಹುಟ್ಟುತ್ತಾರೆ, ಎಷ್ಟು ಜನರನ್ನು ಗುಣಪಡಿಸಿದರೆ ರೋಗ ತಗ್ಗುತ್ತದೆ ಎಂಬ ಲೆಕ್ಕವಿಲ್ಲದೆ ಯಾವ ಸರ್ಕಾರವೂ ಯೋಜನೆ ಮಾಡಲಾರದು. ಅರ್ಧ ಜನ ಸಾಯುತ್ತಾರೆಂಬ ಆ ಸಂಖ್ಯೆಯೇ ಮುಂದೆ ಎಷ್ಟೋ ದೇಶಗಳಲ್ಲಿ ಚಿಕಿತ್ಸೆಗೆ ಹಣ ಬೇಡುವವರ ಕೈಯಲ್ಲಿ ಪ್ರಬಲವಾದ ಪ್ರಮಾಣವಾಯಿತು.

ಈ ವಾದದಲ್ಲಿ ಸತ್ಯವಿದೆ, ಆದರೆ ಪೂರ್ಣಸತ್ಯವಿಲ್ಲ. ಸಮೀಕ್ಷಕನು ಹೋಗದಿದ್ದರೂ ರೋಗಿ ಸಾಯುತ್ತಿದ್ದನೆಂಬುದು ನಿಜ; ಆದರೆ ಸಮೀಕ್ಷಕನು ಹೋದನು. ಹೋದ ಮೇಲೆ ಇಬ್ಬರ ಸಂಬಂಧವೂ ಬದಲಾಯಿತು. ದಾರಿಯಲ್ಲಿ ಬಿದ್ದವನನ್ನು ಕಾಣದೆ ಹೋದವನಿಗೂ ಕಂಡು ಅವನ ಉಸಿರನ್ನು ಎಣಿಸಿ ಹೋದವನಿಗೂ ಲೋಕವು ಒಂದೇ ತೀರ್ಪು ಕೊಡುವುದಿಲ್ಲ. ಎಲ್ಲರಿಗೂ ಕೊಡಲಾರೆ ಎಂಬುದು ಒಂದು ಮಾತು. ಎದುರಿಗೆ ನಿಂತ ಈ ಒಬ್ಬನಿಗೆ ಕೊಡುವುದಿಲ್ಲ ಎಂಬುದು ಬೇರೆಯೇ ಮಾತು. ಮೊದಲನೆಯದು ರಾಷ್ಟ್ರದ ಬಡತನ, ಎರಡನೆಯದು ವ್ಯಕ್ತಿಯ ಹೊಣೆ. ಕಫವನ್ನು ಕೊಟ್ಟ ರೈತನು ವೈದ್ಯನಿಗೆ ಕೊಡುತ್ತಿದ್ದೇನೆಂದು ನಂಬಿ ಕೊಡುತ್ತಾನೆಯೇ ಹೊರತು ಸಂಖ್ಯಾಶಾಸ್ತ್ರಜ್ಞನಿಗೆಂದು ಕೊಡುವುದಿಲ್ಲ. ಆ ನಂಬಿಕೆಯೇ ಅವನ ಪಾಲಿನ ಒಪ್ಪಂದ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಕ್ಷಯವು ಒಬ್ಬನಲ್ಲಿ ನಿಲ್ಲುವ ರೋಗವಲ್ಲ. ಐದು ವರ್ಷಗಳ ಕೊನೆಯಲ್ಲಿಯೂ ರೋಗಾಣುವನ್ನು ಹೊರಹಾಕುತ್ತಿದ್ದ ಆ 23 ಮಂದಿ ಒಂದೇ ಸೂರಿನಡಿ ಹೆಂಡಿರು ಮಕ್ಕಳೊಡನೆ ಬಾಳಿದವರು. ಆದುದರಿಂದ ಇಲ್ಲಿ ಪ್ರಶ್ನೆ 126 ಜನರದು ಮಾತ್ರವಲ್ಲ, ಅವರ ಮನೆಗಳದೂ ಹೌದು.

ಅಂದಿನ ಕಾಲದ ನೀತಿಯನ್ನು ಇಂದಿನ ಅಳತೆಯಿಂದ ಅಳೆಯಬಾರದೆಂದು ಕೆಲವರು ಹೇಳಬಹುದು. ಇತಿಹಾಸಕಾರನು ಈ ಎಚ್ಚರಿಕೆಯನ್ನು ಮನ್ನಿಸಲೇಬೇಕು. ಆದರೆ ಆ ಕಾಲವು ಈ ಪ್ರಶ್ನೆಯನ್ನು ಅರಿಯದ ಕಾಲವೂ ಆಗಿರಲಿಲ್ಲ. ನಾಜಿ ವೈದ್ಯರ ವಿಚಾರಣೆಯಿಂದ ಹೊಮ್ಮಿದ ನ್ಯೂರೆಂಬರ್ಗ್ ಸಂಹಿತೆ 1947ರಲ್ಲಿಯೇ ಬಂದಿತ್ತು. ಮನುಷ್ಯನ ಮೇಲೆ ನಡೆಯುವ ಸಂಶೋಧನೆಗೆ ಅವನ ಅರಿವುಳ್ಳ ಸ್ವತಂತ್ರ ಸಮ್ಮತಿ ಬೇಕೆಂಬುದನ್ನು ವಿಶ್ವ ವೈದ್ಯ ಸಂಘವು ತನ್ನ ಹೆಲ್ಸಿಂಕಿ ಘೋಷಣೆಯಲ್ಲಿ ಸಾರಿದ್ದು 1964ರ ಜೂನ್ ತಿಂಗಳಲ್ಲಿ. ಎಂದರೆ ನಮ್ಮ ಹಳ್ಳಿಗಳಲ್ಲಿ ಸಮೀಕ್ಷೆಯ ಸುತ್ತುಗಳು ಇನ್ನೂ ಸಾಗುತ್ತಿದ್ದಾಗ. ಹೆಲ್ಸಿಂಕಿಯ ಧ್ವನಿ ಆಗ ಏಷ್ಯದ ಹಳ್ಳಿಗಳವರೆಗೆ ಕೇಳಿಸುತ್ತಿರಲಿಲ್ಲವೆಂಬುದು ಕಾರಣವಾಗಬಹುದು, ಸಮರ್ಥನೆಯಾಗಲಾರದು.

ಅನಂತರದ ಬೆಳವಣಿಗೆ

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಲಿಖಿತ ನಿಯಮದ ರೂಪ ಬರಲು ಇನ್ನೂ ಕಾಲ ಹಿಡಿಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು ಮಾನವರ ಮೇಲಣ ಸಂಶೋಧನೆಯ ನೈತಿಕತೆಯನ್ನು ಕುರಿತು ತನ್ನ ಮೊದಲ ನೀತಿಪತ್ರವನ್ನು ಹೊರಡಿಸಿದ್ದು 1980ರಲ್ಲಿ. ಬಳಿಕ 2000, 2006 ಮತ್ತು 2017ರಲ್ಲಿ ಮಾರ್ಗಸೂಚಿಗಳು ವಿಸ್ತಾರಗೊಂಡವು. ಸಂಶೋಧನೆಯ ನಡುವೆ ಕಂಡುಬಂದ ರೋಗಕ್ಕೆ ಆರೈಕೆಯನ್ನು ಒದಗಿಸುವ ಹೊಣೆಯನ್ನೂ, ಸಂಶೋಧನೆಯ ಫಲವು ಅದರಲ್ಲಿ ಪಾಲುಗೊಂಡವರಿಗೆ ತಲುಪಬೇಕೆಂಬುದನ್ನೂ 2017ರ ಮಾರ್ಗಸೂಚಿ ಚರ್ಚಿಸುತ್ತದೆ. ಕಂಡವನು ಋಣಿ ಎಂಬ ಹಳೆಯ ಮಾತಿಗೆ ದೊರೆತ ಹೊಸ ಭಾಷೆ ಇದು.

ಚಿಕಿತ್ಸೆಯ ಏರ್ಪಾಡೂ ಬೆಳೆಯಿತು. 1997ರಲ್ಲಿ ಆರಂಭವಾದ ಪರಿಷ್ಕೃತ ಕ್ಷಯ ಕಾರ್ಯಕ್ರಮವು ನೇರ ನಿಗಾವಣೆಯಲ್ಲಿ ಔಷಧ ನುಂಗಿಸುವ ಪದ್ಧತಿಯನ್ನು ತಂದಿತು. 2012ರಲ್ಲಿ ಪ್ರತಿಯೊಬ್ಬ ರೋಗಿಯ ವಿವರವನ್ನೂ ಸರ್ಕಾರಕ್ಕೆ ತಿಳಿಸುವುದು ವೈದ್ಯರಿಗೆ ಕಡ್ಡಾಯವಾಯಿತು. 2018ರಿಂದ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕಾಗಿ ಮಾಸಿಕ ಧನಸಹಾಯವೂ ಬಂದಿತು. ಇವು ಸ್ವಾಗತಾರ್ಹವಾದುವು. ಆದರೆ ಒಂದೊಂದು ಪರಿಹಾರವೂ ಹೊಸ ಸಂದಿಗ್ಧವನ್ನು ಹೊತ್ತು ತರುತ್ತದೆಂಬುದನ್ನು ಗಮನಿಸಬೇಕು. ಔಷಧ ನುಂಗಿಸಲು ಆರೋಗ್ಯ ಕಾರ್ಯಕರ್ತೆ ದಿನವೂ ಬಾಗಿಲಿಗೆ ಬಂದರೆ ಬೀದಿಗೆಲ್ಲ ರೋಗದ ಸುದ್ದಿ ತಿಳಿಯುತ್ತದೆ. ಮದುವೆಗೆ ಬಂದ ಮಗಳ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಹೆಸರನ್ನು ಸರ್ಕಾರಕ್ಕೆ ತಿಳಿಸಿದರೆ ರೋಗಿಯ ಗೌಪ್ಯಕ್ಕೆ ಭಂಗ, ತಿಳಿಸದಿದ್ದರೆ ನೆರೆಯವರ ಶಿಶುವಿಗೆ ಅಪಾಯ. ಪ್ಲೇಗಿನ ಕಾಲದ ಬಲಾತ್ಕಾರದ ಪ್ರಶ್ನೆ, ಸಮೀಕ್ಷೆಯ ಕಾಲದ ಉಪೇಕ್ಷೆಯ ಪ್ರಶ್ನೆ, ಇವೆರಡೂ ಇಂದು ಒಂದೇ ಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತವೆ.

ಉಪಸಂಹಾರ

ಈ ಇತಿಹಾಸದಿಂದ ನಾವು ಗ್ರಹಿಸಬಹುದಾದುದು ಏನು? ಸಮೀಕ್ಷೆ ನಡೆಸಿದವರನ್ನು ನಿರ್ದಯರೆಂದು ಕರೆಯುವುದಕ್ಕೆ ಆಧಾರವಿಲ್ಲ. ಧೂಳಿನ ಹಾದಿಗಳಲ್ಲಿ ಕ್ಷ-ಕಿರಣ ಯಂತ್ರಗಳನ್ನು ಸಾಗಿಸಿ, ನಗರದ ವೈದ್ಯರು ತಿರುಗಿ ನೋಡದ ಹಳ್ಳಿಗಳಿಗೆ ಮೊದಲು ಹೋದವರು ಅವರೇ. ಅವರ ಕಾರ್ಯವಿಲ್ಲದೆ ಹಳ್ಳಿಯ ಕ್ಷಯವು ಇನ್ನೂ ಬಹುಕಾಲ ಅಗೋಚರವಾಗಿಯೇ ಉಳಿಯುತ್ತಿತ್ತು. ಆದರೆ ಸದುದ್ದೇಶವು ಋಣವನ್ನು ತೀರಿಸುವುದಿಲ್ಲ. ಜ್ಞಾನವು ಯಾರ ಶರೀರದಿಂದ ಬಂದಿತೋ ಅವರಿಗೆ ಅದರ ಮೊದಲ ಫಲ ಸಲ್ಲಬೇಕೆಂಬುದು ವೈದ್ಯಧರ್ಮದ ಮೂಲತತ್ತ್ವವೆಂದು ನಮಗೆ ತೋರುತ್ತದೆ. ಕಾಯಕದ ಫಲವು ಕಾಯಕ ಮಾಡಿದವನನ್ನು ಬಿಟ್ಟು ಉಳಿದೆಲ್ಲರಿಗೂ ಹಂಚಿಹೋದರೆ ಅದನ್ನು ನ್ಯಾಯವೆನ್ನಲಾಗದು. ರೋಗಿಯ ನೋವೂ ಒಂದು ಅರ್ಥದಲ್ಲಿ ಅವನ ದುಡಿಮೆಯೇ.

ದೇಶದಲ್ಲಿ ಇಂದು ಹೊಸ ಲಸಿಕೆಗಳ, ಹೊಸ ಔಷಧಗಳ ಪರೀಕ್ಷೆಗಳು ನಡೆಯುತ್ತಿವೆ; ಮುಂದೆಯೂ ನಡೆಯುತ್ತವೆ, ನಡೆಯಲೇಬೇಕು. ಅವುಗಳಿಗೆ ಜನ ಹಿಂದೆಗೆಯಬಾರದಾದರೆ, ಮನೆಯ ಬಾಗಿಲಿಗೆ ಬಂದವರನ್ನು ಮೂರು ಮಾತು ಕೇಳುವ ಅಧಿಕಾರ ತಮಗುಂಟೆಂಬುದು ಅವರಿಗೆ ತಿಳಿದಿರಬೇಕು: ನನ್ನಿಂದ ಏನನ್ನು ತಿಳಿಯಲು ಬಂದಿರಿ? ತಿಳಿದುದನ್ನು ನನಗೆ ಹೇಳುವಿರಾ? ರೋಗ ಕಂಡುಬಂದರೆ ನನಗೇನು ಮಾಡುವಿರಿ? ಬೆಂಗಳೂರು ಜಿಲ್ಲೆಯ ಆ 126 ಮಂದಿಯ ಹೆಸರುಗಳು ಯಾವ ಗ್ರಂಥದಲ್ಲಿಯೂ ಅಚ್ಚಾಗಿಲ್ಲ, ಅಚ್ಚಾಗಬೇಕಾಗಿಯೂ ಇಲ್ಲ. ಈ ಮೂರು ಪ್ರಶ್ನೆಗಳನ್ನು ನಿರ್ಭಯವಾಗಿ ಕೇಳುವ ಗ್ರಾಮಸ್ಥರೂ, ಮರೆಮಾಚದೆ ಉತ್ತರ ಹೇಳುವ ವೈದ್ಯರೂ ಈ ಸೀಮೆಯಲ್ಲಿ ಹುಟ್ಟಿಬಂದರೆ, ಅವರಿಗೆ ನಾವು ಸಲ್ಲಿಸಬೇಕಾದ ಋಣದಲ್ಲಿ ಒಂದಂಶವಾದರೂ ಸಂದಂತಾಗುತ್ತದೆ.